ಕ್ಲೀನರ್ ಬದಿಯ ಬಾಗಿಲು

ದೆವ್ವ, ಗಾಳಿ ಎಂದರೆ ನಗುತ್ತಿದ್ದವಳು ನಾನು. ಗಾಳಿ ಸೋಕಿತೆಂದು ನಿಂಬೆಹಣ್ಣು ಇಳಿಸುವವರನ್ನು ಎದುರಿಗೇ ಹಾಸ್ಯ ಮಾಡುತ್ತಿದ್ದೆ. ಈಗಲೂ ದೆವ್ವವನ್ನು ಕಂಡೆ ಎಂದು ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮವರಿಗೆ ನಾನು ಎರಡನೆಯ ಸಂಬಂಧ. ಮೊದಲನೆಯವಳು ಗಂಗವ್ವ, ಮಕ್ಕಳಾಗುವ ಮುಂಚೆಯೇ ಜ್ವರದಲ್ಲಿ ತೀರಿಕೊಂಡಿದ್ದಳು. ಸಿಂದಗಿಯ ಆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ನಾನೂ ಅವಳನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ನಮ್ಮವರ ಹತ್ತಿರ ಹಳೆಯ ಟ್ರಕ್ಕೊಂದಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ಹತ್ತಿ, ಶೇಂಗಾ ಹೇರಿಕೊಂಡು ಇಂಡಿ, ಬಾಗೇವಾಡಿ, ಮುದ್ದೇಬಿಹಾಳ ಎಂದು ತಿರುಗುತ್ತಿದ್ದರು. ಎಂಜಿನ್ನಿಗೆ ಏನಾದರೂ ಆದರೆ ಉಣ್ಣುವುದನ್ನೂ ಬಿಟ್ಟು ದುರಸ್ತಿಗೆ ಕೂಡುವ ಮನುಷ್ಯ, ಕ್ಲೀನರ್ ಬದಿಯ ಬಾಗಿಲಿನ ಚಿಲಕ ಸವೆದು ಲೊಡಲೊಡ ಎನ್ನುತ್ತಿದ್ದರೂ ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಟ್ರಕ್ಕು ಸ್ವಲ್ಪ ಓಟ ಹಿಡಿದರೆ ಸಾಕು, ಆ ಸಂದಿಯಿಂದ ಗಾಳಿ ಸಿಳ್ಳು ಹಾಕುತ್ತಿತ್ತು.

ಮದುವೆಯಾದ ವರ್ಷ ತವರಿಗೆ, ದೇವಣಗಾಂವಕ್ಕೆ, ಅದರಲ್ಲೇ ಹೋದೆ. ಆ ಸದ್ದನ್ನು ಸರಿಯಾಗಿ ಕೇಳಿದ್ದು ಅಂದೇ. ಅದು ಏರಿ, ಇಳಿದು, ನಡುವೆ ಒಂದಿಷ್ಟು ಉಸಿರು ತೆಗೆದುಕೊಂಡ ಹಾಗೆ ತಡೆದು ಮತ್ತೆ ಏರುತ್ತಿತ್ತು. ನಮ್ಮವರು ದಾರಿ ನೋಡುತ್ತ ಒಳಗೊಳಗೇ ನಗುತ್ತಿದ್ದರು. ನನ್ನ ಎದುರು ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಏನೆಂದು ಕೇಳಿದರೆ ಏನೂ ಇಲ್ಲ ಎಂದರು.

ಮರಳಿ ಬಂದ ಮೇಲೆ ಆ ಸದ್ದಿನ ಬಗ್ಗೆ ನಾದಿನಿಯನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಅಣ್ಣ ಮನೆಯಲ್ಲಿಲ್ಲವೆಂದು ನೋಡಿಕೊಂಡು ಹೇಳಿದಳು: "ವೈನಿ, ಮೊದಲಿನಾಕಿ ಅದ ಬಾಗಲಕ್ಕ ತಲಿ ಹಚ್ಚಿ ಕುಂದ್ರತಿದ್ಲು. ಪದ ಇರ್ತಿದ್ದಿಲ್ಲ ಏನಿಲ್ಲ, ಬರೇ ಹಂಗ ಗುಣಗತಿದ್ಲು. ಥೇಟ್ ಆ ಸಪ್ಪಳಧಾಂಗ."

ಅಂದಿನಿಂದ ನನಗೆ ಹೊಟ್ಟೆಕಿಚ್ಚು ಹತ್ತಿತು. ಬದುಕಿದ್ದ ಸವತಿಯಾದರೆ ಜಗಳವಾಡಬಹುದಿತ್ತು, ಅಡುಗೆಯಲ್ಲಿ ಮೀರಿಸಬಹುದಿತ್ತು. ಇವಳ ಜೊತೆ ಏನು ಮಾಡುವುದು? ಸಂಜೆ ಅವರು ಬಂದು ಉಣ್ಣಲು ಕೂತರೆ, ಇಡೀ ದಿನ ಅವಳೊಂದಿಗೆ ಕಳೆದು ಬಂದಿದ್ದಾರೆ ಅನ್ನಿಸುತ್ತಿತ್ತು. ಸವೆದ ಚಿಲಕ, ಬೀಸುವ ಗಾಳಿ, ಇಷ್ಟೇ ಎಂದು ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿಯನ್ನು ಎಸೆದ ಹಾಗೆ ತಾಟಿಗೆ ಹಾಕುತ್ತಿದ್ದೆ.

ಆಗ ನಾನು ಬಸುರಿ. ಬಾಗಿಲು ತೆರೆದುಕೊಂಡು ನಾನು ಬಿದ್ದರೆ ಗತಿಯೇನು ಎಂದು ಹಟ ಹಿಡಿದೆ. ಕೊನೆಗೆ ಲಾಲಸಾಬ್ ಮಿಸ್ತ್ರಿಯ ಹತ್ತಿರ ಟ್ರಕ್ಕು ಒಯ್ದರು. ನಾನೂ ಹೋಗಿ ಬೇವಿನ ನೆರಳಲ್ಲಿ ಕುಳಿತೆ. ಮಿಸ್ತ್ರಿ ಬಾಗಿಲು ಬಿಚ್ಚಿ, ಜೋತುಬಿದ್ದ ಬಿಜಾಗರಿ ನೆಟ್ಟಗೆ ಮಾಡಿ, ಬೇರೆ ಚಿಲಕ ಕೂಡಿಸಿ, ಚೌಕಟ್ಟಿನ ಸುತ್ತ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ ಬಡಿದ. ಬಾಗಿಲು ಒಂದೇ ಏಟಿಗೆ ಗಟ್ಟಿಯಾಗಿ ಕೂತಿತು. "ಅಕ್ಕಾರ, ಇನ್ನ ಇರಿವಿ ಸೈತ ಒಳಗ ಬರೂದಿಲ್ಲ ನೋಡ್ರಿ," ಎಂದ. ನಮ್ಮವರು ಬೀಡಿ ಹಚ್ಚಿಕೊಂಡು ಆಚೆ ಮುಖ ಮಾಡಿ ನಿಂತಿದ್ದರು.

ಮರುದಿನ ಹತ್ತಿ ಹೇರಲು ಯಂಕಂಚಿಗೆ ಹೊರಟಾಗ ನಾನೂ ಹತ್ತಿ ಕುಳಿತೆ. ದಾರಿಯುದ್ದಕ್ಕೂ ಬಾಗಿಲು ತೆಪ್ಪಗಿತ್ತು. ಗೆದ್ದೆ ಅಂದುಕೊಂಡೆ.

ಊರು ಇನ್ನೂ ದೂರವಿರುವಾಗ ರೇಡಿಯೇಟರ್ ಕುದಿಯಿತು. ಎಂಜಿನ್ ಆರಿಸಿ ನೀರು ಹಾಕಲು ಇಳಿದರು. ಸುಡು ಮಧ್ಯಾಹ್ನ, ಹೊಲದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ನಾನು ಗಾಜು ಏರಿಸಿಕೊಂಡು ಒಳಗೇ ಕುಳಿತಿದ್ದೆ. ಆಗ ಅದು ಶುರುವಾಯಿತು. ಅದೇ ಗುಣುಗು, ಹೊಸ ಚಿಲಕದ ಹತ್ತಿರದಿಂದ. ಬಗ್ಗಿ ಬಾಗಿಲಿಗೆ ಕಿವಿ ಹಚ್ಚಿದೆ. ತಗಡು ಸಣ್ಣಗೆ ನಡುಗುತ್ತಿತ್ತು. ಭಯಕ್ಕಿಂತ ಸಿಟ್ಟೇ ಹೆಚ್ಚು ಬಂತು. ಇಲ್ಲಿಯೂ ಬಂದೆಯಾ ಎಂದು ಹಲ್ಲು ಕಚ್ಚಿ ಕುಳಿತೆ.

ನಮ್ಮವರು ಕೊಡ ಕೆಳಗಿಟ್ಟು ಬಂದು ಬಾಗಿಲು ತೆಗೆದರು. ಸದ್ದು ನಿಂತಿತು.

"ನೀ ಯಾವಾಗ ಕಲತಿ ಇದನ್ನ?" ಎಂದರು.

"ನಾ ಏನೂ ಅಂದಿಲ್ರಿ. ಬಾಗಲಾಗಿಂದ ಬಂತು."

"ಮುಂದಿನ ಗಾಜಿನ್ಯಾಗಿಂದ ನೋಡೇನಿ ನಾ. ನಿನ್ನ ಬಾಯಿ ಅಲಗ್ಯಾಡಾಕತ್ತಿತ್ತು."

ಅವರ ಕಣ್ಣು ತುಂಬಿತ್ತು. ಒದ್ದೆ ಕೈಯಿಂದ ನನ್ನ ಹಣೆಯ ಬೆವರು ಒರೆಸಿದರು. ಅಷ್ಟು ಅಕ್ಕರೆಯಿಂದ ಅವರು ನನ್ನನ್ನು ಅದುವರೆಗೆ ಮುಟ್ಟಿರಲಿಲ್ಲ. ನಾನು ಒಳಗೊಳಗೇ ಸುಡುತ್ತ ಕುಳಿತಿದ್ದೆ.

ಆಮೇಲೆ ಆ ಬಾಗಿಲು ಎಂದೂ ಸದ್ದು ಮಾಡಲಿಲ್ಲ. ಟ್ರಕ್ಕನ್ನು ನಾಲತವಾಡದವರೊಬ್ಬರಿಗೆ ಮಾರಿದೆವು. ನಮ್ಮವರು ಅಂದಿನಿಂದ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು, ಮಕ್ಕಳಾದವು, ಮನೆ ತುಂಬಿತು. ಆದರೆ ಅವರು ಪ್ರೀತಿಯಿಂದ ನೋಡಿದಾಗಲೆಲ್ಲ, ಇದು ಯಾರಿಗೆ ಎಂದು ನನಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ನನ್ನ ಬಾಯಿ ಮುಚ್ಚಿತ್ತು ಎಂಬುದು ನನಗೆ ಗೊತ್ತು. ಅವರು ಸುಳ್ಳಾಡುವವರಲ್ಲ ಎಂಬುದೂ ಗೊತ್ತು. ಇವೆರಡನ್ನೂ ಒಂದು ಕಡೆ ಕೂಡಿಸಲು ನನಗೆ ಇಂದಿಗೂ ಆಗಿಲ್ಲ.

ಅವರು ಕೊನೆಯ ಹಾಸಿಗೆ ಹಿಡಿದಿದ್ದಾಗ ಒಂದು ಮುಂಜಾನೆ ನನ್ನ ಕೈ ಹಿಡಿದು, ಆವತ್ತಿನದನ್ನು ಒಂದು ಸಲ ಗುಣುಗು ಎಂದು ಕೇಳಿದರು. ನನಗೆ ಬರುವುದಿಲ್ಲ ಎನ್ನಲು ಮನಸ್ಸಾಗಲಿಲ್ಲ. ಸುಮ್ಮನೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವರ ಮುಖ ಹಗುರಾಯಿತು.

"ಸಾಕ. ಭಾಳ ಚಲೋ ಗುಣಗಿದಿ," ಎಂದು ಕಣ್ಣು ಮುಚ್ಚಿದರು.

ನಾನು ಬಾಯಿ ತೆರೆದಿರಲಿಲ್ಲ. ಆ ಸಲ ನನಗೆ ಏನೂ ಕೇಳಿಸಲೂ ಇಲ್ಲ.