ಒಂದೇ ಕ್ಯಾನಿನ ಗಾಡಿ

ಹುಣಸೆದೊಡ್ಡಿಯ ಹಾಲು ಮೊದಲು ಊರು ಬಿಟ್ಟಿದ್ದು ರಾಮಲಿಂಗಯ್ಯನ ಸೈಕಲ್ ಮೇಲೆ. ಕ್ಯಾರಿಯರ್‌ನ ಆ ಕಡೆಗೊಂದು ಕ್ಯಾನು, ಈ ಕಡೆಗೊಂದು. ಎಡಗಡೆಯದಕ್ಕೆ ಮೇಲಿನ ಬೀದಿಯವರು ಹಾಲು ಸುರಿದರೆ, ಬಲಗಡೆಯದಕ್ಕೆ ಕೆಳಗಿನ ಬೀದಿಯವರು. ಯಾಕೆಂದು ಬಿಡಿಸಿ ಹೇಳಬೇಕೇ? ಜಾತಿ. ಆಮೇಲೆ ಮಗ ಅಶ್ವಥ್ ಟಿವಿಎಸ್ ತಂದ. ಕ್ಯಾನುಗಳು ಹಾಗೇ ತೂಗಿದವು. ಅವನು ಹಾರೋಹಳ್ಳಿಯ ಫ್ಯಾಕ್ಟರಿಗೆ ಸೇರಿದ ಮೇಲೆ ಹೆಂಡತಿ ಭಾನುಪ್ರಿಯ ಗೂಡ್ಸ್ ಆಟೋ ಕಲಿತಳು, ಲೈಸೆನ್ಸ್ ಮಾಡಿಸಿದಳು, ಹಾಲಿನ ಸಂಘಕ್ಕೆ ತಾನೇ ಓಡಿಸತೊಡಗಿದಳು. ಹೆಂಗಸು ಗಾಡಿ ಓಡಿಸುವುದೇ ಎಂದು ನಕ್ಕವರ ಕಾಲಬುಡದಲ್ಲೇ ಬ್ರೇಕ್ ಹಾಕಿ ನಿಲ್ಲಿಸುವಷ್ಟು ಅವಳ ಕೈ ಪಳಗಿತ್ತು. ಎರಡು ಕ್ಯಾನಿನ ಪದ್ಧತಿ ಮಾತ್ರ ಆಟೋ ಹತ್ತಿಯೂ ಬದಲಾಗಲಿಲ್ಲ.

ಈ ಬೇಸಿಗೆಯಲ್ಲಿ ಹಸುಗಳ ಹಾಲು ಕಮ್ಮಿಯಾಯಿತು. ಎರಡು ದಿನ ಸಾಲಾಗಿ ಸಂಘದ ಸೆಕ್ರೆಟರಿ ಅನಂತರಾಜು ಅವಳ ಹಾಲನ್ನು ವಾಪಸ್ ಕಳಿಸಿದ.

"ಫ್ಯಾಟೇ ಇಲ್ವಲ್ಲಮ್ಮ. ದಾರೀಲಿ ಕೆನೆ ಕದೀತಿದ್ದೀಯ? ನಾಳೆನೂ ಹಿಂಗೇ ಆದ್ರೆ ನಿಮ್ ದೊಡ್ಡಿ ಹಾಲೇ ಬ್ಯಾಡ ನಮ್ಗೆ."

ನಾಲ್ಕು ಜನರ ಮುಂದೆ ಕಳ್ಳಿ ಎನಿಸಿಕೊಂಡ ಸಂಕಟಕ್ಕೆ ಅವಳಿಗೆ ಆ ದಿನ ಅನ್ನ ಸೇರಲಿಲ್ಲ. ಸಂಜೆ ಕ್ಯಾನು ತೊಳೆಯುವಾಗ ಮುಚ್ಚಳದ ಒಳಗೆ ಬೆರಳಾಡಿಸಿದಳು. ಬೆಣ್ಣೆ! ಅರ್ಧರ್ಧ ತುಂಬಿದ ಎರಡು ಕ್ಯಾನು, ಕ್ವಾರಿ ಲಾರಿಗಳು ಕಿತ್ತುಹಾಕಿದ ಏಳು ಕಿಲೋಮೀಟರ್ ರಸ್ತೆ. ಹಾಲು ದಾರಿಯುದ್ದಕ್ಕೂ ಕಡೆದುಕೊಂಡು ಬಂದಿತ್ತು. ಎರಡನ್ನೂ ಸೇರಿಸಿ ಒಂದೇ ಕ್ಯಾನು ತುಂಬಿದ್ದರೆ ಅದಕ್ಕೆ ಕುಲುಕಲು ಜಾಗವೇ ಇರುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳು ಗಾಡಿಯಲ್ಲಿ ಒಂದೇ ಕ್ಯಾನು ಇಟ್ಟಳು.

"ಏನಮ್ಮಿ, ನಮ್ ಕ್ಯಾನೆಲ್ಲಿ?" ಎಂದ ಮೇಲಿನ ಬೀದಿಯ ಹಿರಿಯ ಚಿಕ್ಕಮರೀಗೌಡ.

"ಇನ್ಮೇಲೆ ಎಲ್ರಿಗೂ ಇದೊಂದೇ, ಗೌಡ್ರೇ."

"ಅವ್ರ್ ಹಾಲಿಗೆ ನಮ್ದು ಬೆರೆಸ್ತೀಯ? ನಿಮ್ ಮಾವನ ಕಾಲ್ದಿಂದ ನಡ್ಕಂಡ್ ಬಂದಿರೋದು ಕಣಮ್ಮಿ ಇದು!"

ಜಗುಲಿಯ ಮೇಲಿದ್ದ ರಾಮಲಿಂಗಯ್ಯ ಗಂಟಲು ಸರಿಮಾಡಿಕೊಂಡ. "ಸೈಕಲ್ ಒಂದ್ ಕಡಿಕೆ ವಾಲ್ಬಾರ್ದು ಅಂತ ಎಲ್ಡು ಕಟ್ಟಿದ್ದೆ ಕಣ್ಲಾ. ಬೀದಿಗೊಂದು ಅಂತ ಹಂಚ್ಕಂಡೋರು ನೀವು. ಬಾಯ್ಮುಚ್ಕಂಡಿದ್ದೆ, ಅದು ನನ್ ತಪ್ಪು."

"ಸಂಘದ ಟ್ಯಾಂಕರ್‌ಗೆ ಸುರಿದ್ಮೇಲೆ ನಿಮ್ ಹಾಲು ಯಾವ್ದು ಅಂತ ತೋರಿಸ್ತೀರಾ?" ಭಾನುಪ್ರಿಯಳ ದನಿ ಏರಿತು. "ಇಷ್ಟ ಇಲ್ದೋರು ಮನೇಲೇ ಕಾಯಿಸ್ಕಂಡು ಕುಡೀರಿ. ಕಳ್ಳಿ ಅನ್ನಿಸ್ಕಂಡು ನಾನು ಗಾಡಿ ಓಡ್ಸಕಿಲ್ಲ."

ಗೌಡ ಪಾತ್ರೆ ಎತ್ತಿಕೊಂಡು ಹೋದ. ಇನ್ನೂ ಎರಡು ಮನೆಯವರು ಅವನ ಹಿಂದೆ ನಡೆದರು. ಉಳಿದವರ ಹಾಲು ಕ್ಯಾನಿನ ಮುಕ್ಕಾಲಕ್ಕೆ ಬಂತು. ಅವಳು ಬೈದುಕೊಳ್ಳುತ್ತಲೇ ಗುಂಡಿಗುಂಡಿಗೂ ಗಾಡಿ ನಿಧಾನಿಸಿ, ಮಗು ಮಲಗಿಸಿಕೊಂಡು ಬಂದಂತೆ ಸಂಘ ಮುಟ್ಟಿಸಿದಳು.

ಅನಂತರಾಜು ಎರಡು ಸಲ ಪರೀಕ್ಷೆ ಮಾಡಿದ. "ಇವತ್ತು ಸರಿಯಾಗೈತೆ."

"ನೆನ್ನೆನೂ ಸರಿಯಾಗೇ ಇತ್ತು ಸಾರ್. ನಿಮ್ಗೆ ಸಿಗ್ದಿದ್ದ ಬೆಣ್ಣೆ ಮುಚ್ಚಳಕ್ಕೆ ಮೆತ್ಕಂಡಿತ್ತು. ಕದೀತೀಯ ಅಂದ್ರಲ್ಲ, ಆ ಮಾತು ವಾಪಸ್ ತಗಳ್ಳಿ."

ಅವನು ಅತ್ತ ಇತ್ತ ನೋಡಿದ. ಅವಳು ಜಾಗ ಬಿಟ್ಟು ಕದಲಲಿಲ್ಲ. ಹಿಂದೆ ಹಾಲು ಹಿಡಿದವರ ಸಾಲು ಬೆಳೆಯುತ್ತಿತ್ತು. "ಆಯ್ತು, ತಪ್ಪಾಯ್ತು ಕಣಮ್ಮ" ಎಂದ ಮೇಲೆಯೇ ಅವಳು ಗಾಡಿ ತಿರುಗಿಸಿದ್ದು.

ಮರುದಿನ ಗಾಡಿ ಹೊರಡುವ ಹೊತ್ತಿಗೆ ಚಿಕ್ಕಮರೀಗೌಡನ ಹೆಂಡತಿ ಮುನಿಯಮ್ಮ ತುಂಬಿದ ಪಾತ್ರೆ ಹಿಡಿದು ಬಂದು ನಿಂತಳು. ಗೌಡ ಇನ್ನೂ ಎದ್ದಿರಲಿಲ್ಲ.

"ಬೇಗ ಸುರಿದ್ಬುಡಿ ಅತ್ತೆ," ಭಾನುಪ್ರಿಯ ಪಿಸುಗುಟ್ಟಿದಳು. "ಅವ್ರು ಎದ್ರೆ ರಂಪ ಆಯ್ತದೆ."

"ಸಗಣಿ ಬಾಚೋಳು ನಾನು, ಹಾಲು ಕರೆಯೋಳು ನಾನು. ಹಾರನ್ ಹೊಡಿ," ಎಂದಳು ಮುನಿಯಮ್ಮ, ಕೆಳಗಿನ ಬೀದಿಯ ಹಾಲು ಆಗಲೇ ಬಿದ್ದಿದ್ದ ಕ್ಯಾನಿನ ಮುಚ್ಚಳವನ್ನು ತಾನೇ ಎತ್ತುತ್ತ. "ಎದ್ದು ಬಂದು ನೋಡ್ಲಿ."