ಸಸ್ಯಾಹಾರಿ ಜ್ವಾಲಾಮುಖಿ

ಗುಂಡ್ಲುಪೇಟೆಯ ನಮ್ಮ ಟ್ರಾವೆಲ್ಸ್ ಆಫೀಸಿಗೆ ಹರವೆಯ ಮಾದಪ್ಪನವರು ಹೆಂಡತಿ ನಾಗಮ್ಮನವರ ಜೊತೆ ಬಂದಿದ್ದರು. ಚೆಂಡುಹೂವಿನ ವ್ಯಾಪಾರ ಮಾಡುವವರು. ಅವರ ಮನೆಯೊಳಕ್ಕೆ ಮೊಟ್ಟೆ ಹಾಕಿದ ಕೇಕ್ ಕೂಡ ಬರುವಂತಿಲ್ಲ. ಬಾಲಿ ದ್ವೀಪದ ಬಿಸಿಲು, ಸಮುದ್ರ ಇಬ್ಬರಿಗೂ ಒಪ್ಪಿಗೆಯಾಯಿತು. ನಾನು ಸುಮ್ಮನಿರಬಾರದೆ? ಉತ್ಸಾಹದಲ್ಲಿ ಬಾಯಿಬಿಟ್ಟೆ.

"ಅಲ್ಲಿ ಜ್ವಾಲಾಮುಖಿ ಬೆಟ್ಟ ಹತ್ತಿದ್ರೆ, ಬಂಡೆ ಬಿರುಕಿಂದ ಬರೋ ಆವಿಯಲ್ಲೇ ಮೊಟ್ಟೆ ಬೇಯಿಸಿ ಕೊಡ್ತಾರೆ!"

ಮಾದಪ್ಪ ಎದ್ದೇಬಿಟ್ಟರು. "ಮೊಟ್ಟೆ ಬೇಯ್ಸೋ ಬೆಟ್ಟವಾ? ಏಳಮ್ಮಿ, ಓಗನ."

ನಾಗಮ್ಮ ಕುರ್ಚಿ ಬಿಡಲಿಲ್ಲ. "ವಸಿ ಸುಮ್ಕಿರಿ. ನೋಡಪ್ಪಾ, ಮೊಟ್ಟೆ ಮುಟ್ಟಿಸದೇ ಇರೋ ಬಿರುಕು ಒಂದೂ ಇಲ್ವಾ? ನಾನು ಇಡ್ಲಿ ಹಿಟ್ಟು ತಕ್ಕಂಡ್ ಬತ್ತೀನಿ."

ಬುಕಿಂಗ್ ಕೈತಪ್ಪೀತು ಎಂದು ಹೆದರಿ, ಅವರೆದುರೇ ಬಾಲಿಯ ಗೈಡ್‌ಗೆ ಮೆಸೇಜ್ ಹಾಕಿದೆ: ಶುದ್ಧ ಸಸ್ಯಾಹಾರಿ ಬಿರುಕು ಒಂದು ಬೇಕಿತ್ತು. ಮರ್ಯಾದೆ ಹೋಯಿತು, ಬಿದ್ದು ಬಿದ್ದು ನಗುತ್ತಾನೆ ಅಂದುಕೊಂಡೆ.

ತಕ್ಷಣ ಉತ್ತರ ಬಂತು. "ಇದೆ. ಈರುಳ್ಳಿ, ಬೆಳ್ಳುಳ್ಳಿ ನಡೆಯುತ್ತಾ?"

ಇವರಿಗಿಂತ ಮುಂಚೆ ಹೋದ ನಮ್ಮ ದೇಶದವರು ಆಗಲೇ ಆ ಬೆಟ್ಟ ಹತ್ತಿ, ಅದಕ್ಕೂ ಬುದ್ಧಿ ಹೇಳಿ ಇಳಿದಿದ್ದರು.