ನಿಂಗವ್ವನ ಮೇಲೆ ಹೊರಿಸಿದ್ದು

ಅಂದು ಸುಮಂಗಲಾಳ ಮನೆಯ ಅಲಾರಂ ಹೊಡೆದುಕೊಂಡದ್ದು ನನ್ನಿಂದ. ನಿಂಗವ್ವನಿಂದಲ್ಲ. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಮನೆಯವರಿಗೂ, ಮಗಳಿಗೂ.

ದಾಂಡೇಲಿಯಲ್ಲಿ ನಮ್ಮ ಮನೆ, ಸುಮಂಗಲಾಳ ಮನೆ ಅಕ್ಕಪಕ್ಕ. ನಿಂಗವ್ವ ಎರಡೂ ಮನೆಗಳಲ್ಲಿ ಪಾತ್ರೆ ತಿಕ್ಕಿ, ಕಸ ಗುಡಿಸುತ್ತಿದ್ದಳು. ನನ್ನ ಮಗಳನ್ನು ಸೊಸೆ ಮಾಡಿಕೊಳ್ಳುವ ಮಾತನ್ನು ಸುಮಂಗಲಾ ನಗುನಗುತ್ತ ಎಷ್ಟೋ ಸಲ ಆಡಿದ್ದಳು. ನಾನು ಅದನ್ನು ನಿಜವೆಂದೇ ಹಿಡಿದಿದ್ದೆ. ಒಂದು ಮುಂಜಾನೆ ಅವಳು ಮನೆಯ ಚಾವಿಯನ್ನು ನನ್ನ ಕೈಗಿಟ್ಟು, "ಬೆಳಗಾವಿಗೆ ಹೊಂಟೇವಿ, ಕನ್ಯಾ ನೋಡಾಕ. ಫೋಟೋ ಕಪಾಟಿನ್ಯಾಗ ಐತಿ, ಬಂದಮ್ಯಾಲ ತೋರಸ್ತೇನಿ" ಎಂದಳು.

ಬಂದಮೇಲೆ! ನನಗೆ ಹನ್ನೊಂದು ಗಂಟೆಯವರೆಗೂ ತಡೆಯಲಾಗಲಿಲ್ಲ. ಆ ಹುಡುಗಿಯಲ್ಲಿ ಅಂಥದ್ದೇನಿದೆ, ನನ್ನ ಮಗಳಲ್ಲಿ ಇಲ್ಲದ್ದು — ಒಮ್ಮೆ ನೋಡಿ ಬಂದುಬಿಡೋಣ ಎಂದು ಹೊರಟೆ. ನಿಂಗವ್ವ ನಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಸುಮಂಗಲಾಳ ಮುಂಬಾಗಿಲು ತೆರೆದೆ, ಚಾವಿ ಬೀಗದಲ್ಲೇ ಉಳಿಯಿತು. ಮಲಗುವ ಖೋಲಿಗೆ ಕಾಲಿಟ್ಟದ್ದೇ ತಡ, ಗೋಡೆಯ ಮೇಲಿನ ಬಿಳಿ ಡಬ್ಬಿ ಚೀರತೊಡಗಿತು. ಹಿಂದಿನ ವಾರವಷ್ಟೇ ಅದನ್ನು ಕೂಡಿಸಿದ್ದರಂತೆ. ನನಗೆ ಗೊತ್ತಿರಲಿಲ್ಲ. ಗಿರಣಿಯ ಸೈರನ್ನು, ಆ ಭೋಂಗಾ ಕೇಳಿ ಬೆಳೆದ ಓಣಿ ನಮ್ಮದು, ಆದರೆ ಈ ದನಿ — ನನ್ನ ಹೆಸರನ್ನೇ ಕೂಗಿದಂತಿತ್ತು.

ನಿಂತು ಹೇಳಬಹುದಿತ್ತು. ನಾನು ಹಿಂದಿನ ಬಾಗಿಲಿನಿಂದ ಓಡಿದೆ. ಸಂದಿ ಸುತ್ತಿ, ಆಗಷ್ಟೇ ಬಂದವಳಂತೆ ಮುಂದಿನಿಂದ ಬಂದೆ.

ಅಷ್ಟರಲ್ಲಿ ಓಣಿಯವರು ಸೇರಿದ್ದರು. ಒಳಗೆ ನಿಂಗವ್ವ ನಿಂತಿದ್ದಳು. ಅವಳ ಕೈಗೆ ಇನ್ನೂ ಸಾಬೂನಿನ ನೊರೆ ಹತ್ತಿತ್ತು. ನನಗೆ ಕಂಡಿತು. ಬೇರೆಯವರು ಅದನ್ನು ನೋಡಿದರೋ ಇಲ್ಲವೋ...

ಎದುರುಮನೆಯ ಮಾಸ್ತರರು ನನ್ನತ್ತ ತಿರುಗಿದರು. "ಚಾವಿ ನಿಮ್ಮ ಕಡೆ ಇತ್ತಲ್ರಿ? ಈಕಿಗೆ ಹೆಂಗ ಸಿಕ್ತು?"

"ಸಪ್ಪಳ ಕೇಳಿ ಓಡಿ ಬಂದೇನ್ರಿ. ಬಾಗಲಾ ತೆರದಿತ್ತು. ಅಕ್ಕಾರ, ನೀವರ ಹೇಳ್ರಿ" ಎಂದಳು ನಿಂಗವ್ವ.

ನಾನು ಹೇಳಿದೆ: "ಚಾವಿ ಅಡಗಿಮನ್ಯಾಗ ಮೊಳಿಗೆ ಹಾಕಿದ್ದೆ. ಯಾವಾಗ ತಗೊಂಡ್ಳೋ ಗೊತ್ತಿಲ್ರಿ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಹೋದಳು.

ಏನೂ ಕಳುವಾಗಿರಲಿಲ್ಲ, ಪೊಲೀಸರ ಮಾತೂ ಬರಲಿಲ್ಲ. ಆದರೆ ಓಣಿಯಲ್ಲಿ ಯಾರೂ ಅವಳನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಊರು ಬಿಟ್ಟು ಹಳಿಯಾಳಕ್ಕೆ, ತಂಗಿಯ ಮನೆಗೆ ಹೋದಳು. ಸುಮಂಗಲಾ ನನಗೇ ಸಮಾಧಾನ ಹೇಳಿದಳು — "ನಂಬಿದವರ ಹಿಂಗ ಮಾಡಿದ್ರ ನೀ ಏನ್ ಮಾಡ್ತಿ?" ಅವಳು ಕೊಟ್ಟ ಚಹವನ್ನು ನಾನು ಕುಡಿದೆ. ಮಗಳಿಗೆ ಬೇರೆ ಕಡೆ ಸಂಬಂಧ ಕೂಡಿತು, ಸುಖವಾಗಿದ್ದಾಳೆ. ನನಗೆ ಮಾತ್ರ ಒಂದು ಕಡೆ ಕೂಡಲು ಆಗುವುದಿಲ್ಲ. ಕುಕ್ಕರ್ ಸೀಟಿ ಹೊಡೆದರೂ ಎದ್ದು ನಿಲ್ಲುತ್ತೇನೆ. ಹೊಸ ಕೆಲಸದವಳು ಹಿತ್ತಲಿನಿಂದ "ಅಕ್ಕಾರ" ಎಂದರೆ...

ಹೋದ ವಾರ ಹಳಿಯಾಳಕ್ಕೆ ಹೋದೆ. ನಿಂಗವ್ವ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ನಡೆದದ್ದೆಲ್ಲವನ್ನೂ ಹೇಳಿ ಅವಳ ಕೈ ಹಿಡಿಯಲು ಹೋದೆ. ಅವಳು ಮೊರವನ್ನು ನಡುವೆ ಸರಿಸಿದಳು.

"ನನಗ್ಯಾಕ ಹೇಳ್ತೀರಿ? ನಾ ಚಾವಿ ಮುಟ್ಟಿಲ್ಲಂತ ನನಗ ಗೊತ್ತೈತಿ. ಪಾಳಾ ಊರಿಗೆ ಹೋಗಿ ನನ್ನ ಮಗಳಿಗೆ ಹೇಳ್ರಿ. ಆಕಿ ಅತ್ತಿ ಮುಂದ ಹೇಳ್ರಿ. ಕಳ್ಳಿ ಮಗಳು ಅನಿಸ್ಕೊಂಡು ಬಾಳೇವು ಮಾಡಾಕತ್ತಾಳ ಆಕಿ. ನಾ ಹೋದ್ರ ನೀರೂ ಕೊಡಂಗಿಲ್ಲ."

ಅವಳ ಮಗಳ ಸಂಗತಿ ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಲು ನಾನು ಎಂದೂ ಕೇಳಿರಲಿಲ್ಲ.

ನಿನ್ನೆ ಸುಮಂಗಲಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ಒಳಗೆ ಹೋದಳು, ತಿರುಗಿ ಬರಲಿಲ್ಲ. ನಾಳೆ ಮುಂಡಗೋಡದ ಬಸ್ಸು ಹಿಡಿದು ಪಾಳಾಕ್ಕೆ ಹೋಗುತ್ತೇನೆ. ಅಂದು ಹಳಿಯಾಳದಲ್ಲೇ ನಿಂಗವ್ವನನ್ನೂ ಜೊತೆಗೆ ಬಾ ಎಂದು ಕರೆದಿದ್ದೆ — ಒಬ್ಬಳೇ ಆ ಮನೆಯ ಹೊಸ್ತಿಲು ದಾಟಲು ಭಯ.

"ನಾ ಬಂದ್ರ, ನಾನ ಹೇಳಿಸೇನಿ ಅಂತಾರ" ಎಂದಳು. "ನೀವ ಒಬ್ಬರ ಹೋಗ್ರಿ."